ಫಕೀರವ್ವನ ಹೆಜ್ಜೆ

ನಮ್ಮೂರಿನಲ್ಲಿ ಮುದುಕರು ಬೀಳುವುದಿಲ್ಲ. ಹೊರಗಿನಿಂದ ಹೆಣ್ಣು ಕೊಡಲು ಬಂದವರಿಗೆ ಊರವರು ಮೊದಲು ಹೇಳುವ ಮಾತೇ ಇದು. ನೀರಿನ ವಿಷಯ, ಮಳೆಬೆಳೆಯ ವಿಷಯ ಎಲ್ಲ ಆಮೇಲೆ. ನನ್ನ ಅಪ್ಪನಿಗೂ ಹೀಗೆಯೇ ಹೇಳಿದ್ದರು. ಅಪ್ಪನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟ ಮುರಿದುಕೊಂಡು, ಬಹಳ ಕಾಲ ನರಳಿ ಸತ್ತವಳು. ಅದನ್ನು ಹತ್ತಿರದಿಂದ ಕಂಡಿದ್ದ ಅಪ್ಪ ಬೇರೇನೂ ವಿಚಾರಿಸದೆ ಒಪ್ಪಿಕೊಂಡ. ಮದುವೆ ಮುಗಿಸಿ ಹೊರಡುವಾಗ, ‘ಸುವರ್ಣಾ, ಚಲೋ ಊರ ಸಿಕ್ಕೈತಿ ನಿನಗ. ನೀ ಮುದುಕಿ ಆದಾಗ ನನ್ನ ನೆನಸಗೋ,’ ಎಂದು ಹೇಳಿ ಬಸ್ಸು ಹತ್ತಿದ.

ಇಲ್ಲಿ ಮನೆಯಲ್ಲಿ ಯಾರಿಗಾದರೂ ಅರವತ್ತು ದಾಟಿತೆಂದರೆ ನಡಿಗೆ ಕಚೇರಿಯವರು ಬರುತ್ತಾರೆ. ನೆಲದ ಕಲ್ಲುಗಳನ್ನು ಎಬ್ಬಿಸಿ, ಕೆಳಗೆ ತಾಮ್ರದ ಬಣ್ಣದ ತೆಳು ಪಟ್ಟಿಗಳನ್ನು ಹಾಸಿ, ಮತ್ತೆ ಕಲ್ಲು ಕೂರಿಸುತ್ತಾರೆ. ಬಾಗಿಲ ಮೇಲೆ ಒಂದು ಪುಟ್ಟ ದೀಪ ಜೋಡಿಸುತ್ತಾರೆ. ಆಮೇಲೆ ನಡೆಯುವುದು ಕಾಲು ಕೊಡುವ ಶಾಸ್ತ್ರ. ಮನೆಮಂದಿಯೆಲ್ಲ ಹೊರಗೆ ಓಣಿಯಲ್ಲಿ ನಿಲ್ಲಬೇಕು. ಹಿರಿಯರು ಒಬ್ಬರೇ, ಪಾದಕ್ಕೆ ಅರಿಶಿಣ ಹಚ್ಚಿಕೊಂಡು, ಪಡಸಾಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ದೇವರ ಗೂಡಿನ ತನಕ ನಡೆದು ಬರಬೇಕು. ಅಷ್ಟಾದರೆ ನೆಲ ಆ ನಡಿಗೆಯನ್ನು ಕಲಿತುಕೊಂಡಿತು ಎಂದು ಲೆಕ್ಕ. ದೀಪ ಹಸಿರಾಗುತ್ತದೆ. ನೆರೆಯವರಿಗೆ ಸಿಹಿ ಮಾದ್ಲಿ ಹಂಚುತ್ತಾರೆ.

ಹೆಜ್ಜೆ ತಡವರಿಸಿದರೆ ದೀಪ ಹಳದಿಯಾಗುತ್ತದೆ. ಕಾಲೆಳೆದರೆ, ಗೋಡೆ ಹಿಡಿದು ತಿರುಗಿದರೆ, ನಡೆಯದೆ ಕುಳಿತೇ ಇದ್ದರೂ ಹಳದಿಯೇ. ಬೀಳುವ ಹೊತ್ತು ಹತ್ತಿರ ಬಂತೆಂದು ನೆಲಕ್ಕೆ ಅನ್ನಿಸಿದರೆ ಕೆಂಪು. ಕೆಂಪಾದ ಮನೆಗೆ ಕುರ್ಚಿಯವರು ಬಂದು ಹಿರಿಯರನ್ನು ಕುರ್ಚಿಯಲ್ಲಿ ಎತ್ತಿಕೊಂಡು ಕೆಳಮನೆಗೆ ಒಯ್ಯುತ್ತಾರೆ. ಒಮ್ಮೆ ಕುರ್ಚಿಗೆ ಎತ್ತಿದವರ ಪಾದ ಮತ್ತೆಂದೂ ನೆಲಕ್ಕೆ ತಾಗಬಾರದು. ಹಾಗಾಗಿಯೇ ನಮ್ಮೂರಿನಲ್ಲಿ ಯಾರೂ ಬೀಳುವುದಿಲ್ಲ.

ನನ್ನ ಅತ್ತೆ ಫಕೀರವ್ವ ಕಾಲು ಕೊಟ್ಟದ್ದು ನಾನು ಈ ಮನೆಗೆ ಬಂದ ವರ್ಷವೇ. ಓಣಿಯಲ್ಲಿ ಗಂಡನ ಪಕ್ಕ ನಿಂತು ನಾನು ಆ ಹೆಜ್ಜೆಗಳನ್ನು ಕೇಳಿದ್ದೆ. ಜಾತ್ರೆಯ ಗೂಳಿಯ ಹಾಗೆ ದಿಮ್ಮನೆ ನಡೆದಿದ್ದರು. ಕಚೇರಿಯವನು ತನ್ನ ಯಂತ್ರ ನೋಡಿಕೊಂಡು, ‘ನಿಮ್ಮತ್ತಿ ನಮ್ಮನ್ನೆಲ್ಲಾ ಕಳಿಸಿ ಹೋಗಾಕಿ,’ ಎಂದು ನಕ್ಕಿದ್ದ. ಒಂದು ಲೆಕ್ಕದಲ್ಲಿ ಅವನು ಹೇಳಿದ್ದು ನಿಜವಾಯಿತು. ಮಗಳು ಮುತ್ತಿ ನನ್ನ ಹೊಟ್ಟೆಯಲ್ಲಿದ್ದಾಗ ನನ್ನ ಗಂಡ ಕಾಮಾಲೆಯಾಗಿ ತೀರಿಕೊಂಡ. ಮಗನನ್ನು ಮಣ್ಣು ಮಾಡಿ ಬಂದ ಸಂಜೆ ಅತ್ತೆ ನನ್ನ ಎದುರು ಕುಳಿತು, ‘ನೀ ದುಡಿ, ನಾ ಕೂಸಿನ್ನ ನೋಡತೇನಿ. ತವರಿಗೆ ಹೋಗೂ ಮಾತ ತಗೀಬ್ಯಾಡ,’ ಎಂದರು. ತೆಗೆಯಲಿಲ್ಲ. ಮುತ್ತಿ ಹುಟ್ಟಿ ತಿಂಗಳುಗಳಾಗುವುದರೊಳಗೆ ನಾನು ಚುರುಮುರಿ ಭಟ್ಟಿಗೆ ಹೋಗತೊಡಗಿದೆ. ಅಲ್ಲಿ ಕಾದ ಉಸುಕಿನಿಂದ ಚುರುಮುರಿ ಸಾಣಿಸುವ ಕೆಲಸ. ದಿನವಿಡೀ ನಿಂತೇ ಇರಬೇಕು. ಸಂಜೆ ಮನೆಗೆ ಬಂದಾಗ ಕಾಲು ನನ್ನವೇ ಎಂದು ಅನ್ನಿಸುತ್ತಿರಲಿಲ್ಲ.

ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅದರಿಂದ ಭಯವಿರಲಿಲ್ಲ, ನೆಲ ಕಣ್ಣನ್ನು ಕೇಳುವುದಿಲ್ಲ. ಅವರೂ ಜನರನ್ನು ಗುರುತಿಸುತ್ತಿದ್ದುದು ಹೆಜ್ಜೆಯಿಂದಲೇ. ಕಾಯಿಪಲ್ಲೆ ಮಾರುವ ಜೈನಾಬಿ ಹೊಸ್ತಿಲು ದಾಟುವ ಮೊದಲೇ, ‘ಬಾ ಜೈನಾಬಿ. ಇವತ್ತ ಬುಟ್ಟಿ ಭಾರ ಐತಿ, ಕುಂಬಳಕಾಯಿ ತಂದೀಯೇನ?’ ಅನ್ನುವರು. ನಾನು ಒಳಗೆ ಕಾಲಿಟ್ಟ ಕೂಡಲೆ, ‘ಇವತ್ತ ಮಾಲಕ ಬೈದಾನ ನಿನಗ,’ ಅನ್ನುವರು. ಅದು ಸುಳ್ಳಾದದ್ದು ಕಡಿಮೆ.

ಮುತ್ತಿ ಗೋಡೆ ಹಿಡಿದು ನಿಲ್ಲಲು ಕಲಿತ ಹೊತ್ತಿಗೆ ಅತ್ತೆಯ ಬಲ ಮೊಣಕಾಲು ಕೈಕೊಟ್ಟಿತು. ಮಡಚಲು ಬರುತ್ತಿರಲಿಲ್ಲ. ಎಡಗಾಲನ್ನು ಭಾರವಾಗಿ ಊರಿ ಬಲಗಾಲನ್ನು ಹಿಂದಿನಿಂದ ಎಳೆದುಕೊಳ್ಳುತ್ತಿದ್ದರು. ಠಪ್ ಎಂದು ಒಂದು ಸದ್ದು, ಹಿಂದೆಯೇ ಸರ್ರ್ ಎಂದು ಇನ್ನೊಂದು. ಅದೇ ವಾರ ದೀಪ ಹಳದಿಯಾಯಿತು.

‘ನಿಮ್ಮನಿ ದೀಪ ಮಾವಿನಹಣ್ಣ ಆಗೈತಲ್ಲವ,’ ಎಂದಳು ಜೈನಾಬಿ, ಬುಟ್ಟಿ ಇಳಿಸುತ್ತ. ‘ಪೂರಾ ಕೆಂಪಾಗೂದನ್ನ ಕಾಯಾಕತ್ತೀಯೇನ?’

‘ಏನ ಮಾಡಲಿ ಜೈನಾಬಿ? ಎಣ್ಣಿ ತಿಕ್ಕಿದ್ಯಾ, ಬಿಸಿನೀರ ಹಾಕಿದ್ಯಾ.’

‘ಎಣ್ಣಿ ಬದನಿಕಾಯಿ ಪಲ್ಯಾಕ್ಕ ಹಾಕ. ಮೊಮ್ಮಗಳ ಅದಾಳಲ್ಲ, ಕೈ ಹಿಡಿಸು. ಇಬ್ಬರು ಕೂಡಿ ನಡದ್ರ ನೆಲಕ್ಕ ಯಾವ ಹೆಜ್ಜಿ ಯಾರದು ತಿಳಿಯಂಗಿಲ್ಲ, ಬಾಯಿ ಮುಚಗೊಂಡು ಬಿದ್ದಿರತೈತಿ. ನಮ್ಮ ಮಾವನ್ನ ಹಂಗ ಎಷ್ಟು ವರ್ಷ ಉಳಿಸಿಕೊಂಡಿದ್ವಿ ಗೊತ್ತೈತಿ? ಮೂರ ಮೊಮ್ಮಕ್ಕಳ ಕೈ ಸವದ್ವು.’

ಇದು ಹೊಸ ಉಪಾಯವಲ್ಲ. ಊರಿನಲ್ಲಿ ಮೊಮ್ಮಕ್ಕಳಿರುವ ಮನೆಗಳ ದೀಪ ಬಹುಕಾಲ ಹಸಿರಾಗಿಯೇ ಇರುತ್ತದೆ. ಮೊಮ್ಮಕ್ಕಳ ಮೇಲಿನ ಪ್ರೀತಿಯಿಂದ ಮುದುಕರು ಗಟ್ಟಿಯಾಗಿರುತ್ತಾರೆ ಎಂದು ಕಚೇರಿಯವರೂ ಬಾಯಲ್ಲಿ ಹೇಳುತ್ತಾರೆ.

ಮರುದಿನದಿಂದ ಮುತ್ತಿಯ ಬೆರಳು ಅತ್ತೆಯ ಬೆರಳಿಗೆ ಸಿಕ್ಕಿಕೊಂಡಿತು. ಅವಳ ಮೊದಲ ಹೆಜ್ಜೆ ಬಿದ್ದದ್ದು ಆ ಕೈ ಹಿಡಿದೇ. ‘ನಡಿ ನನ್ನ ಕೋಲ, ನಡಿ,’ ಎನ್ನುತ್ತ ಅತ್ತೆ ಅವಳನ್ನು ನೀರಿಗೆ, ಒಲೆಗೆ, ಕಸದ ತಿಪ್ಪೆಗೆ, ಎಲ್ಲಿಗೆ ಹೋದರೂ ಕರೆದುಕೊಂಡೇ ಹೋಗುವರು. ಮುತ್ತಿ ಮಲಗಿದರೆ ಅತ್ತೆಯೂ ಮಲಗುವರು. ಬಚ್ಚಲಿಗೆ ಹೋಗಬೇಕಾದರೆ ಅವಳು ಏಳುವ ತನಕ ತಡೆದುಕೊಳ್ಳುವರು. ದೀಪ ಮತ್ತೆ ಹಸಿರಾಯಿತು. ನಾನು ಭಟ್ಟಿಯಿಂದ ಓಣಿಗೆ ತಿರುಗಿದ ಕೂಡಲೆ ಆ ಹಸಿರು ಕಂಡರೆ ಸಾಕು, ಉಸಿರು ಸಡಿಲವಾಗುತ್ತಿತ್ತು. ಅತ್ತೆ ಇಲ್ಲದಿದ್ದರೆ ನನಗೆ ದುಡಿಮೆ ಇಲ್ಲ, ದುಡಿಮೆ ಇಲ್ಲದಿದ್ದರೆ ಒಲೆ ಇಲ್ಲ. ಅಷ್ಟೇ ಅಲ್ಲ, ಆ ಮನೆಯಲ್ಲಿ ‘ಉಂಡೇನ?’ ಎಂದು ನನ್ನನ್ನು ಕೇಳುವ ಜೀವ ಅದೊಂದೇ. ಹಾಗಾಗಿ ನಾನು ದೀಪ ನೋಡಿದೆ. ಮಗಳ ಪಾದ ನೋಡಲಿಲ್ಲ.

ಮುತ್ತಿಗೆ ಮೂರು ತುಂಬುವ ಹೊತ್ತಿಗೆ ಅದು ಆಯಿತು. ನಾನು ಭಟ್ಟಿಯಲ್ಲಿದ್ದೆ. ಆಮೇಲೆ ಹೇಳಿದವಳು ಜೈನಾಬಿ, ಅವಳು ಬಾಗಿಲಲ್ಲೇ ಇದ್ದಳಂತೆ. ಪಡಸಾಲೆಯಲ್ಲಿ ಒಂದು ಬೆಕ್ಕಿನ ಮರಿ ಹಾದುಹೋಗಿದೆ. ಮುತ್ತಿ ತಾನು ‘ಆಯಿ’ ಎಂದು ಕರೆಯುವ ಅಜ್ಜಿಯ ಕೈ ಕೊಸರಿಕೊಂಡು, ಒಬ್ಬಳೇ ನಡೆದು ರೂಢಿ ಇಲ್ಲದ್ದರಿಂದ, ಅದರ ಹಿಂದೆ ಅಂಬೆಗಾಲಿಟ್ಟು ಅಡಿಗೆಮನೆಗೆ ನುಗ್ಗಿದ್ದಾಳೆ. ಒಲೆಯ ಮೇಲೆ ನೀರಿನ ಹಂಡೆ ಕುದಿಯುತ್ತಿತ್ತು. ಅತ್ತೆಗೆ ಕಾಣಿಸಲಿಲ್ಲ, ಕೇಳಿಸಿತು. ಒಬ್ಬರೇ ಓಡಿದರು. ಆ ಕಾಲಿನಲ್ಲಿ ಓಡುವುದೆಂದರೆ ಹೇಗೋ ಏನೋ, ಹಂಡೆಯ ಹತ್ತಿರ ಮುತ್ತಿಯ ಅಂಗಿ ಕೈಗೆ ಸಿಕ್ಕಿತು. ಅವಳನ್ನು ಎದೆಗವಚಿಕೊಂಡು ಅಲ್ಲಿಯೇ ಗೋಡೆಗೆ ಒರಗಿ ನಿಂತರಂತೆ. ಬೀಳಲಿಲ್ಲ. ಆದರೆ ನೆಲ ಎಲ್ಲವನ್ನೂ ಕೇಳಿತ್ತು.

‘ದೀಪ ಯಾವ ಬಣ್ಣ ಆತ ಜೈನಾಬಿ?’ ಎಂದು ಅತ್ತೆ ಒಳಗಿನಿಂದ ಕೇಳಿದರಂತೆ.

ಜೈನಾಬಿ ಮಾತಾಡಲಿಲ್ಲವಂತೆ.

‘ಹೌದು ಬಿಡು. ನಿನ್ನ ಬಾಯಿ ಮುಚ್ಚಿದ್ದು ನಾ ಎಂದೂ ಕೇಳಿಲ್ಲ.’

ನಾನು ಬಂದಾಗ ಕುರ್ಚಿಯವರು ಇಬ್ಬರು ಕಟ್ಟೆಯ ಮೇಲೆ ಕುಳಿತು ನೀರು ಕುಡಿಯುತ್ತಿದ್ದರು. ಮನೆಯವರು ಬರುವ ತನಕ ಕಾಯಬೇಕೆಂಬ ನೇಮ. ಅತ್ತೆ ಹೊಸ್ತಿಲ ಒಳಗೆ ಮುತ್ತಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದರು. ತಲೆ ಬಾಚಿಕೊಂಡಿದ್ದರು, ಇಳಕಲ್ ಸೀರೆ ಉಟ್ಟಿದ್ದರು. ನನ್ನ ಹೆಜ್ಜೆ ಕೇಳಿ, ‘ಬಂದೇನವಾ? ಅಳಬ್ಯಾಡ, ಕೂಸಿಗೆ ಏನೂ ಆಗಿಲ್ಲ,’ ಎಂದರು.

ಕುರ್ಚಿಯವರು ಎತ್ತುವಾಗ, ‘ಸಾವಕಾಶ ಎತ್ತರಪಾ, ಹೆಣಾ ಅಲ್ಲ ನಾನು,’ ಎಂದರು.

‘ಭಾಳ ಹಗರ ಅದೀಯವ್ವ,’ ಎಂದ ಒಬ್ಬ.

‘ಸೊಸಿ ಊಟಕ್ಕ ಹಾಕಿಲ್ಲ ಅಂತ ಊರಾಗ ಹೇಳಗೋತ ಹೋಗಬ್ಯಾಡ ಮತ್ತ. ನಮ್ಮ ಮನಿತನಾನ ಹಗರ.’

ಅವನು ನಕ್ಕ. ನಾವೂ ನಕ್ಕೆವು. ಕುರ್ಚಿ ಓಣಿಯ ತಿರುವಿನಲ್ಲಿ ಮರೆಯಾಗುವ ತನಕ ಎರಡು ಪಾದಗಳು ತೂಗಾಡುತ್ತಿದ್ದವು. ಚಪ್ಪಲಿ ಬಾಗಿಲ ಹತ್ತಿರವೇ ಉಳಿದವು. ಇನ್ನು ಅವರಿಗೆ ಚಪ್ಪಲಿ ಯಾಕೆ ಬೇಕು? ದೀಪ ಆರಿಹೋಯಿತು. ನೆಲದ ಪಟ್ಟಿಗಳನ್ನು ಮಾತ್ರ ಯಾರೂ ಕೀಳಲಿಲ್ಲ. ಮುಂದೆ ನನ್ನ ಕಾಲಿಗೆ ಬೇಕಾಗುತ್ತವೆ ಎಂದರು.

ಮುತ್ತಿ ನಡೆಯುವುದನ್ನೇ ಬಿಟ್ಟಳು. ಹೊಸ್ತಿಲಲ್ಲಿ ಕೂರಿಸಿದರೆ ಅಲ್ಲೇ, ಹಾಸಿಗೆಯಲ್ಲಿ ಕೂರಿಸಿದರೆ ಅಲ್ಲೇ. ಬೇಕಾದ್ದಕ್ಕೆ ಅಂಬೆಗಾಲಿಟ್ಟು ಹೋಗುವಳು. ಮೂರು ವರ್ಷದ ಹುಡುಗಿ ಮತ್ತೆ ಕೂಸಾದದ್ದನ್ನು ನೋಡಿ ಓಣಿಯವರು ದೃಷ್ಟಿ ತೆಗೆಯಿರಿ ಎಂದರು. ತೆಗೆದೆ. ಬೆಳಿಗ್ಗೆ ಅವಳನ್ನು ಜೈನಾಬಿಯ ಕೈಗಾಡಿಯಲ್ಲಿ ಬುಟ್ಟಿಗಳ ನಡುವೆ ಕೂರಿಸಿ ಭಟ್ಟಿಗೆ ಓಡುವೆ. ಸಂಜೆ ಅವಳ ಕೂದಲಿಂದ ಕೊತ್ತಂಬರಿ ಎಲೆ ಆರಿಸುವೆ. ಮಾಲಕ ತಡವಾಗಿ ಬಂದೆ ಎಂದು ಬೈಯುವುದು ಹೆಚ್ಚಾಯಿತು. ಬೈದದ್ದನ್ನು ಕಾಲಿನಿಂದ ಕಂಡುಹಿಡಿಯುವವರು ಈಗ ಮನೆಯಲ್ಲಿ ಇರಲಿಲ್ಲ.

ಒಂದು ದಿನ ಹೊತ್ತು ಇಳಿಯುವಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಅತ್ತೆಯ ಹೆಜ್ಜೆ ಕೇಳಿಸಿತು. ಠಪ್, ಸರ್ರ್. ಠಪ್, ಸರ್ರ್. ಬಚ್ಚಲ ಕಡೆಗೆ ಹೊರಟು, ಕಂಬದ ಹತ್ತಿರ ಸ್ವಲ್ಪ ನಿಂತು, ಮತ್ತೆ ಹೊರಟ ಹೆಜ್ಜೆ. ಅತ್ತೆ ಕಂಬದ ಹತ್ತಿರ ಯಾವಾಗಲೂ ನಿಲ್ಲುತ್ತಿದ್ದರು. ನನ್ನ ಕೈಯಲ್ಲಿದ್ದ ಹಿಟ್ಟು ಹಾಗೆಯೇ ಉಳಿಯಿತು. ‘ಅತ್ತಿ?’ ಎಂದೆ. ಎದ್ದು ಹೋಗಿ ನೋಡಿದರೆ ಮುತ್ತಿ. ಅವಳ ಕಾಲಲ್ಲಿ ಅವಳ ಆಯಿಯ ಚಪ್ಪಲಿ ಇದ್ದವು. ಬಲಗಾಲನ್ನು ಕಟ್ಟಿಗೆಯ ಹಾಗೆ ನೇರವಾಗಿಟ್ಟುಕೊಂಡು ಎಳೆಯುತ್ತಿದ್ದಳು. ಚಪ್ಪಲಿ ತೆಗೆಸಿದೆ. ಬರಿಗಾಲಲ್ಲೂ ಅದೇ ನಡಿಗೆ. ನನಗೆ ಆಗ ಆದದ್ದು ಸಂತೋಷವೇ. ಮಗಳು ನಡೆದಳಲ್ಲ ಎಂದು, ಅತ್ತೆ ಪೂರ್ತಿ ಹೋಗಿಲ್ಲವಲ್ಲ ಎಂದು. ಅವಳನ್ನು ಎತ್ತಿಕೊಂಡು ಬಾಗಿಲಿಗೆ ಬಂದೆ. ಓಣಿಯವರೆಲ್ಲ ನಮ್ಮ ಬಾಗಿಲ ಮೇಲೆ ನೋಡುತ್ತ ನಿಂತಿದ್ದರು. ದೀಪ ಕೆಂಪಗೆ ಉರಿಯುತ್ತಿತ್ತು.

ಮರುದಿನ ನಡಿಗೆ ಕಚೇರಿಯ ಗುರುಪಾದಪ್ಪ ಬಂದರು. ಅತ್ತೆ ಕಾಲು ಕೊಟ್ಟ ದಿನ ನಕ್ಕವರು ಇವರೇ. ಈಗ ಅವರಿಗೂ ಅರವತ್ತರ ಹತ್ತಿರ. ನಮ್ಮ ಪಡಸಾಲೆಯಲ್ಲಿ ಒಂದೊಂದೇ ಹೆಜ್ಜೆ ಎಣಿಸಿಕೊಂಡು ಇಡುತ್ತಿದ್ದರು. ಮೊದಲು ಮನೆಯೆಲ್ಲ ಹುಡುಕಿಸಿದರು, ಅತ್ತೆ ಕೆಳಮನೆಯಿಂದ ಕದ್ದು ಬಂದು ಅಡಗಿದ್ದಾರೆಂದು. ಹುಲ್ಲಿನ ಅಟ್ಟವನ್ನೂ ಬಿಡಲಿಲ್ಲ. ಆಮೇಲೆ ಮುತ್ತಿಯನ್ನು ನಡೆಸಿ ನೋಡಿ, ಯಂತ್ರ ನೋಡಿ, ಕಟ್ಟೆಯ ಮೇಲೆ ಕುಳಿತುಬಿಟ್ಟರು.

‘ಸಾಹೇಬರ, ಅಕಿ ಮೂರು ವರ್ಷದ ಕೂಸರೀ,’ ಎಂದೆ.

‘ಕುರ್ಚಿ ಏರಿದಾಕಿ ನಡಿಗಿ ಮತ್ತ ಕೇಳಿಸಿದ್ರ ಕೆಂಪ. ನೆಲಕ್ಕ ವಯಸ್ಸ ಗೊತ್ತಾಗಂಗಿಲ್ಲವ್ವ.’

‘ಭಾರ ಗೊತ್ತಾಗಬೇಕಲ್ಲರೀ? ಹಿಡಿ ಹತ್ತಿ ಅಷ್ಟ ಅದಾಳ.’

‘ಮುದುಕರು ಉಣ್ಣೂದ ಬಿಟ್ಟು ಹಗರ ಆಗತಾರ. ಅದಕ್ಕ ಭಾರ ನಂಬಬ್ಯಾಡ ಅಂತ ನೆಲಕ್ಕ ನಾವ ಕಲಿಸೇವಿ. ನಡಿಗಿ ಒಂದ ಅದರ ಕಣ್ಣು.’ ಅವರು ನನ್ನ ಮುಖ ನೋಡಲಿಲ್ಲ. ‘ನಿಮ್ಮದ ಮೊದಲನೇ ಮನಿ ಅಲ್ಲ ತಂಗಿ. ಹೋದ ವರ್ಷ ಗಾಣಿಗರ ಓಣ್ಯಾಗ ಒಂದ ಹುಡುಗಿ ಹಿಂಗ ಆತು. ಈಗ ಅಜ್ಜನ ಪಕ್ಕದಾಗ ಅದಾಳ.’

‘ಕೆಳಮನ್ಯಾಗ?’

‘ಅಮಾಸಿ ತನಕ ನಾ ಬರಂಗಿಲ್ಲ. ಕುರ್ಚಿಯವರಿಗೂ ಹೇಳತೇನಿ. ಅಷ್ಟರಾಗ ನಡಿಗಿ ಬಿಡಿಸು. ನನ್ನ ಕೈಯಾಗ ಇದ್ದದ್ದು ಇಷ್ಟ.’

ಆ ಶುಕ್ರವಾರ ಭಟ್ಟಿ ತಪ್ಪಿಸಿ ಕೆಳಮನೆಗೆ ಹೋದೆ. ಅದು ಇಳಿಜಾರಿನ ತುದಿಯಲ್ಲಿರುವ ಉದ್ದನೆಯ ಮನೆ. ತೊಲೆಗಳಿಂದ ಹಗ್ಗ ಇಳಿಬಿಟ್ಟು ಕುರ್ಚಿಗಳನ್ನು ತೂಗುಹಾಕಿದ್ದಾರೆ, ತೊಟ್ಟಿಲುಗಳ ಹಾಗೆ. ಸಾಲಾಗಿ ಪಾದಗಳು. ಆಳುಗಳು ದಿನಾ ತೊಳೆದು ಒರೆಸುವುದರಿಂದ ಎಲ್ಲ ಪಾದಗಳೂ ಬೆಳ್ಳಗೆ, ಒಂದು ಬಿರುಕಿಲ್ಲದೆ ಇರುತ್ತವೆ. ಒಂದು ಸಾಲಿನ ಕೊನೆಗೆ ಎರಡು ಪುಟ್ಟ ಪಾದ ಕಂಡವು, ಕಾಲುಂಗುರದ ವಯಸ್ಸೂ ಆಗದ ಪಾದ. ನಾನು ಆ ಕಡೆ ಮತ್ತೆ ನೋಡಲಿಲ್ಲ.

‘ಸುವರ್ಣಾ,’ ಎಂದರು ಅತ್ತೆ, ನಾನು ಬಾಗಿಲಲ್ಲಿದ್ದಾಗಲೇ. ‘ಕೆಲಸ ಬಿಟ್ಟು ಬಂದೀ. ಏನಾತು?’

‘ಹೆಂಗ ಅದೀರಿ ಅತ್ತಿ?’

‘ಉಣ್ಣಾಕ ಹಾಕತಾರ, ಖಾರ ಹಾಕಂಗಿಲ್ಲ. ಬೀಳೂ ಭಯ ಇಲ್ಲ. ಏಳೂ ಆಸೆ ಇಲ್ಲ. ನೀ ಹೇಳ.’

ಹೇಳಿದೆ. ಮೊದಲು ಅವರು ನಕ್ಕರು. ಪಕ್ಕದ ಕುರ್ಚಿಯ ಮುದುಕಿಗೆ ಕೂಗಿ, ‘ಕೇಳಿದೇನ, ನನ್ನ ಮೊಮ್ಮಗಳು ನನ್ನ ಹಂಗ ನಡೀತಾಳಂತ! ಖುದ್ದ ನೆಲಾನ ಮೋಸ ಹೋಗೈತಿ!’ ಎಂದರು. ಅವರ ಮುಖದಲ್ಲಿ ಅಂಥ ಬೆಳಕು ನಾನು ಮಗ ಸತ್ತ ಮೇಲೆ ಕಂಡಿರಲಿಲ್ಲ. ಕುರ್ಚಿ ತೂಗಾಡುವುದು ನಿಲ್ಲುವ ತನಕ ಆ ಬೆಳಕು ಇತ್ತು.

‘ಬಿಡಿಸು,’ ಎಂದರು.

‘ಅತ್ತಿ…’

‘ಎಡಗಾಲ ಮ್ಯಾಲೆ ಭಾರ ಹಾಕತಾಳ, ಹೌದಿಲ್ಲೋ? ಎಡಗಾಲ ಚಪ್ಪಲ್ಯಾಗ ಹಿಮ್ಮಡಿ ಕೆಳಗ ಹುಣಸಿ ಬೀಜ ಇಡು. ಊರಾಕ ಬರಬಾರದು. ಅತ್ತರ ಅಳಲಿ. ಎರಡ ಏಟ ಹಾಕು. ನನ್ನ ಕಾಲ ಅಕಿಗೆ ಬ್ಯಾಡ. ಮೈಯಾಗ ಒಂದ ಚೂರೂ ಉಳಿಸಬ್ಯಾಡ.’

‘ಅಕಿನ್ನ ಕರಕೊಂಡು ಬರಲೇನ್ರಿ ಒಮ್ಮೆ?’

‘ಕೆಂಪ ದೀಪದ ಕೂಸಿನ್ನ ಈ ಮನಿ ಬಾಗಲದಾಗ ತರತೀಯೇನ? ಹುಚ್ಚಿ. ನಡಿಗಿ ಹೋಗಲಿ, ಆಮ್ಯಾಲೆ ಕರಕೊಂಡ ಬಾ.’

ಹಾಗೆಯೇ ಮಾಡಿದೆ. ಜೈನಾಬಿ ಹುಣಸೆ ಬೀಜ ಕೊಟ್ಟಳು, ಸುಮ್ಮನೆ, ಜೋಕು ಮಾಡದೆ. ಭಟ್ಟಿಯಿಂದ ಬಂದವಳೇ ಮುತ್ತಿಯನ್ನು ಊರ ಹೊರಗಿನ ಹಾಳು ಬಯಲಿಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ನೆಲಕ್ಕೆ ಕಿವಿ ಇಲ್ಲ. ನಾನು ಮುಂದೆ ನಡೆಯುವೆ, ನನ್ನ ಹಾಗೆ ನಡಿ ಎನ್ನುವೆ. ನನ್ನ ಕಾಲು ಆ ಹೊತ್ತಿಗೆ ಬಾತುಕೊಂಡಿರುತ್ತಿದ್ದವು. ನಾನೂ ನೆಟ್ಟಗೆ ನಡೆಯಲು ಹೆಣಗಬೇಕಾಗುತ್ತಿತ್ತು. ಮುತ್ತಿ ಎಡ ಹಿಮ್ಮಡಿ ಊರಿದಾಗಲೆಲ್ಲ ಚೀರುವಳು. ಚಪ್ಪಲಿ ಕಿತ್ತೆಸೆದರೆ ಮತ್ತೆ ಹಾಕುವೆ.

‘ಯಾಕ ಹಂಗ ನಡೀತಿ? ಬ್ಯಾಡ ಅಂದ್ರ ಯಾಕ ನಡೀತಿ?’ ಎಂದು ಒಂದು ದಿನ ಭುಜ ಹಿಡಿದು ಅಲುಗಿಸಿದೆ.

‘ಹಂಗ ನಡದ್ರ ಆಯಿ ಬರತಾಳ,’ ಎಂದಳು.

‘ಬರಂಗಿಲ್ಲ.’

‘ಬರತಾಳ. ನಾ ಹಂಗ ನಡದ್ರ ಆಯಿ ಸಪ್ಪಳ ಬರತೈತಿ.’

ಹೊಡೆದೆ. ಅವಳು ಅತ್ತುಕೊಂಡೇ ಎದ್ದು, ಬಲ ಮೊಣಕಾಲು ಮಡಚಿ, ಒಂದು ಹೆಜ್ಜೆ ಸರಿಯಾಗಿ ಇಟ್ಟಳು. ನನ್ನ ಮುಖ ನೋಡಿದಳು. ಇನ್ನೊಂದು ಇಟ್ಟಳು. ಆ ಸಂಜೆ ಅವಳು ಊಟ ಮಾಡಲಿಲ್ಲ. ನಾನು ಉಂಡೆ, ಮರುದಿನ ಕೆಲಸವಿತ್ತಲ್ಲ.

ಅಮಾವಾಸ್ಯೆಯ ದಿನ ಗುರುಪಾದಪ್ಪ ಬಂದರು. ಓಣಿ ತುಂಬ ಜನ. ನಾವೆಲ್ಲ ಹೊರಗೆ ನಿಂತೆವು, ಅತ್ತೆ ಕಾಲು ಕೊಟ್ಟ ದಿನದ ಹಾಗೆಯೇ. ಮುತ್ತಿ ಒಬ್ಬಳೇ ಪಡಸಾಲೆಯಿಂದ ಅಡಿಗೆಮನೆಗೆ, ಬಚ್ಚಲಿಗೆ, ದೇವರ ಗೂಡಿನ ತನಕ ನಡೆದಳು. ಚಪ್ಪಲಿ ಇರಲಿಲ್ಲ, ಬೀಜ ಇರಲಿಲ್ಲ. ಹೆಜ್ಜೆ ಕಂಬದ ಹತ್ತಿರ ಬಂತು. ಅವಳು ನಿಲ್ಲಲಿಲ್ಲ. ಟಪ ಟಪ ಟಪ ಎಂದು ಹಾದುಹೋದಳು. ಗುರುಪಾದಪ್ಪ ಯಂತ್ರ ಮುಚ್ಚಿದರು. ಬಾಗಿಲ ಮೇಲಿನ ಕೆಂಪು ಆರಿತು.

‘ಚಲೋ ಆತವ್ವ,’ ಎಂದರು. ‘ಎಲ್ಲಾರ ಮಕ್ಕಳ ಹಂಗ ನಡಿಯಾಕತ್ತಾಳ.’ ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರು ನಮ್ಮ ಗೋಡೆ ಹಿಡಿಯಲು ಕೈ ಚಾಚಿದರು. ನಡುವಿನಲ್ಲೇ ಕೈ ಹಿಂತೆಗೆದುಕೊಂಡರು. ನಾನು ನೋಡದವಳ ಹಾಗೆ ಆ ಕಡೆ ತಿರುಗಿದೆ.

ಬಂದ ಶುಕ್ರವಾರ ಮುತ್ತಿಗೆ ಹೊಸ ಅಂಗಿ ತೊಡಿಸಿದೆ. ಒಂದು ಡಬ್ಬಿಯಲ್ಲಿ ಅತ್ತೆಗೆ ಕೆಂಪು ಖಾರದ ಚಟ್ನಿ ಕಟ್ಟಿಕೊಂಡೆ. ಇಳಿಜಾರಿನಲ್ಲಿ ಮುತ್ತಿ ನನ್ನ ಕೈ ಬಿಟ್ಟು ಮುಂದೆ ಮುಂದೆ ಓಡಿದಳು. ಕೆಳಮನೆಯ ಬಾಗಿಲಲ್ಲಿ ನಾನು ಆಳಿನ ಹತ್ತಿರ ಹೆಸರು ಹೇಳುತ್ತಿದ್ದಾಗ ಅವಳು ಒಳಗೆ ಹೊಕ್ಕುಬಿಟ್ಟಳು. ಸಾಲು ಪಾದಗಳ ಕೆಳಗೆ ಹಾದು, ಕಲ್ಲು ನೆಲದ ಮೇಲೆ ನೆಟ್ಟಗೆ, ಹಗುರವಾಗಿ ನಡೆದುಹೋಗಿ ಆಯಿಯ ಕುರ್ಚಿಯ ಮುಂದೆ ನಿಂತಳು. ಮಾತಾಡಲಿಲ್ಲ. ಕತ್ತೆತ್ತಿ ಕಾಯುತ್ತಿದ್ದಳು.

ನಾನು ಹತ್ತಿರ ಬಂದ ಮೇಲೆ ಅತ್ತೆ ಮುಖ ಎತ್ತಿದರು. ಪೊರೆ ಕಟ್ಟಿದ ಕಣ್ಣು ನಮ್ಮಿಬ್ಬರ ತಲೆಯ ಮೇಲಿಂದ ಬಾಗಿಲ ಕಡೆಗೇ ಇತ್ತು. ಅಲ್ಲಿಂದ ಇನ್ನೂ ಒಂದು ಹೆಜ್ಜೆ ಬರಲಿದೆ ಎಂಬಂತೆ ಕಿವಿಗೊಟ್ಟಿದ್ದರು.

‘ಬಂದೇನ ಸುವರ್ಣಾ,’ ಎಂದರು. ‘ಮೊದಲ ಯಾರದೋ ಕೂಸ ಬಂತಲ್ಲ, ಯಾರ ಮಗಳದು? ಎಷ್ಟ ಚಂದ ನಡೀತೈತಿ.’